ಯೂನಿಯನ್ ಬಿಡಿಸುವ ನಾಯಕನಿಗೆ ಬೇಕಾದದ್ದು ಮೀನಾ, ಕುರ್ಚಿಯಾ?

[ದೃಶ್ಯ: ಮಲ್ಪೆ ಬಂದರು, ಬೆಳಗ್ಗಿನ ಏಲಂ]

ನಮಸ್ಕಾರ. ಮಲ್ಪೆಯಲ್ಲಿ ಪರ್ಸೀನ್ ಬೋಟಿಗೆ ಹೋಗುವ ಒಬ್ಬರು ಕೇಳಿದ ಪ್ರಶ್ನೆ ಇದು: "ಬ್ರಿಟನ್ ಯುರೋಪಿಯನ್ ಯೂನಿಯನ್ ಬಿಡಬೇಕು ಅಂತ ಅಲ್ಲಿನ ಮೀನುಗಾರರು ಥೇಮ್ಸ್ ನದಿಗೇ ಬೋಟು ತಂದಿದ್ರಲ್ಲ, ಅವರಿಗೆ ಎಂತ ಸಿಕ್ಕಿತು? ಅವರನ್ನು ಮುಂದೆ ಬಿಟ್ಟ ನಾಯಕರಿಗೆ ಎಂತ ಬೇಕಿತ್ತು?" ನನಗೆ ತುಂಬ ಹಿಡಿಸಿದ ಪ್ರಶ್ನೆ.

ಪೀಠಿಕೆ ಬೇಗ ಮುಗಿಸ್ತೇನೆ. 2016ರ ಜೂನ್ 23ರಂದು ಜನಮತಗಣನೆ. ಬಿಡಬೇಕು ಅಂದವರು ಶೇ. 51.9. ಬ್ರಿಟನ್ ಹೊರಗೆ ಬಂದದ್ದು 2020ರ ಜನವರಿ 31ಕ್ಕೆ.

[ಸ್ಕ್ರೀನ್ ಮೇಲೆ: ಕ್ಯಾಮರೂನ್, ಜಾನ್ಸನ್, ಫರಾಜ್]

ಜನಮತಗಣನೆ ಕರೆದ ಪ್ರಧಾನಿ ಡೇವಿಡ್ ಕ್ಯಾಮರೂನ್‌ಗೆ ಯೂನಿಯನ್ ಬಿಡುವ ಮನಸ್ಸೇ ಇರಲಿಲ್ಲ, ಗೊತ್ತುಂಟಾ? ಊರಿನ ಯುವಕ ಮಂಡಲದಲ್ಲಿ ಜಗಳ ಜೋರಾದಾಗ, ಎದುರು ಮಾತಾಡುವವರ ಬಾಯಿ ಮುಚ್ಚಿಸಲಿಕ್ಕೆ ಅಧ್ಯಕ್ಷರೇ ಮಹಾಸಭೆ ಕರೀತಾರಲ್ಲ, ಕ್ಯಾಮರೂನ್ ಮಾಡಿದ್ದು ಅದನ್ನೇ. ಸ್ವಂತ ಪಕ್ಷದಲ್ಲಿ ಯುರೋಪನ್ನು ವಿರೋಧಿಸುವ ಸಂಸದರು, ಹೊರಗೆ ಯೂನಿಯನ್ ಬಿಡಲೇಬೇಕು ಅನ್ನುವ ನೈಜೆಲ್ ಫರಾಜ್ ಅವರ ಪಕ್ಷದ ಭಯ. ಹಾಗಾಗಿ ಜನಮತಗಣನೆ ಮಾಡ್ತೇನೆ ಅಂತ 2013ರಲ್ಲಿ ಮಾತು ಕೊಟ್ಟರು. 1975ರಲ್ಲಿ ಆಗಿನ ಪ್ರಧಾನಿ ಹೆರಾಲ್ಡ್ ವಿಲ್ಸನ್ ಕೂಡ ಒಡೆದ ಪಕ್ಷವನ್ನು ಹಿಡಿದಿಡಲು ಇದೇ ದಾರಿ ಹಿಡಿದು, ಶೇ. 67 ಮತದಿಂದ ದೇಶವನ್ನು ಒಳಗೇ ಉಳಿಸಿಕೊಂಡಿದ್ದರು. ಕ್ಯಾಮರೂನ್ ಸೋತರು, ರಾಜೀನಾಮೆ ಕೊಟ್ಟರು.

ಕ್ಯಾಮರೂನ್ ಪಕ್ಷದವರೇ ಆದ ಬೋರಿಸ್ ಜಾನ್ಸನ್ 2016ರ ಫೆಬ್ರವರಿಯಲ್ಲಿ ಎರಡು ಲೇಖನ ಬರೆದಿದ್ದರು. ಒಂದು ಬಿಡಬೇಕು ಅಂತ, ಇನ್ನೊಂದು ಉಳಿಯಬೇಕು ಅಂತ. ಪತ್ರಿಕೆಗೆ ಹೋದದ್ದು ಮೊದಲನೆಯದು. ಯೋಚನೆ ಸ್ಪಷ್ಟ ಮಾಡಿಕೊಳ್ಳಲು ಬರೆದದ್ದು ಅಂತ ಆಮೇಲೆ ವಿವರಣೆ ಕೊಟ್ಟರು. ಇರಬಹುದು. ಆದರೆ 2019ರಲ್ಲಿ ಪ್ರಧಾನಿ ಕುರ್ಚಿಗೆ ಅವರನ್ನು ಕರ್ಕೊಂಡು ಹೋದದ್ದು ಆ ಮೊದಲ ಲೇಖನದ ದಾರಿಯೇ. ಫರಾಜ್ ಬೇರೆ ಥರ. 1990ರ ದಶಕದಿಂದ ಅವರದ್ದು ಒಂದೇ ಮಾತು. ಅವರ ರಾಜಕೀಯ ನನಗೆ ಒಪ್ಪಿಗೆ ಇಲ್ಲ, ಆದರೆ ಅವರು ನಂಬಿದ್ದನ್ನೇ ಹೇಳಿದರು ಅಂತ ಒಪ್ಪಿಕೊಳ್ಳಬೇಕು.

[ದೃಶ್ಯ: ಥೇಮ್ಸ್ ನದಿಯಲ್ಲಿ ಬೋಟುಗಳು]

ಈಗ ಮೀನು. ಬ್ರಿಟನ್ನಿನ ಜಿಡಿಪಿಯಲ್ಲಿ ಮೀನುಗಾರಿಕೆಯ ಪಾಲು ಶೇ. 0.1ರ ಆಸುಪಾಸು, ಅಷ್ಟೇ. ಆದರೂ ಪ್ರಚಾರದಲ್ಲಿ ಬೋಟುಗಳೇ ಮುಂದೆ. ಮೀನುಗಾರರ ಸಿಟ್ಟು ಸುಳ್ಳಲ್ಲ. ಯಾವ ದೇಶ ಎಷ್ಟು ಮೀನು ಹಿಡಿಯಬಹುದು ಅನ್ನುವ ಕೋಟಾ 1983ರಲ್ಲಿ ನಿಗದಿಯಾಗಿತ್ತು. ತಮ್ಮ ಕಡಲಿನಲ್ಲಿ ಫ್ರೆಂಚ್, ಡಚ್ ಬೋಟುಗಳು ಬಲೆ ಹಾಕುವುದನ್ನು ಅವರು ವರ್ಷಗಟ್ಟಲೆ ನೋಡಿದ್ದಾರೆ. ಹೊರರಾಜ್ಯದ ಬೋಟು ಬಂದರೆ ನಮ್ಮ ಕಡೆ ಎಷ್ಟು ಗಲಾಟೆ ಆಗ್ತದೆ ಅಂತ ನಿಮಗೆ ಬೇರೆ ಹೇಳಬೇಕಾ?

ಆದರೆ ಬಿಟ್ಟ ಮೇಲೆ ಆದದ್ದು ಕೇಳಿ. ಮರುವಾಯಿ, ಪಚ್ಚಿಲೆಯಂಥ ಚಿಪ್ಪಿನ ಜೀವಿಗಳು ನೀರನ್ನು ಸೋಸಿ ತಿನ್ತವೆ. ನೀರಿನಲ್ಲಿ ರೋಗಾಣು ಇದ್ದರೆ ಅದೂ ಒಳಗೆ ಸೇರ್ತದೆ. ಅದಕ್ಕೆ ಯುರೋಪಿನಲ್ಲಿ ಅವು ಬೆಳೆಯುವ ನೀರಿಗೆ ಎ, ಬಿ, ಸಿ ಅಂತ ದರ್ಜೆ ಉಂಟು. ಬಿ ದರ್ಜೆಯದ್ದನ್ನು ಶುದ್ಧ ನೀರಿನ ತೊಟ್ಟಿಯಲ್ಲಿ ಇಟ್ಟು, ಒಳಗಿನ ಕೊಳೆ ಬಿಟ್ಟ ಮೇಲೆ ಮಾರಬೇಕು. ಬ್ರಿಟನ್ನಿನವರು ಜೀವಂತವಾಗಿಯೇ ಲಾರಿಗೆ ಹಾಕಿ ಕಳಿಸ್ತಿದ್ದರು, ತೊಟ್ಟಿಯ ಕೆಲಸ ಫ್ರಾನ್ಸಿನಲ್ಲೋ ನೆದರ್ಲ್ಯಾಂಡ್ಸ್‌ನಲ್ಲೋ ಆಗ್ತಿತ್ತು. ಹೊರಗಿನ ದೇಶದವರಾದರೆ ಶುದ್ಧ ಮಾಡಿಯೇ ಕಳಿಸಬೇಕು ಅನ್ನುವ ನಿಯಮ ಮೊದಲಿನಿಂದಲೂ ಇತ್ತು, ಬ್ರಿಟನ್ ಸದಸ್ಯ ಆಗಿದ್ದಾಗಲೂ. ಬಿಟ್ಟ ಮೇಲೂ ಹಳೆಯ ನಿಯಮಗಳೇ ನಡೆದ ಪರಿವರ್ತನೆಯ ಅವಧಿ ಮುಗಿದು, 2021ರ ಜನವರಿಗೆ ಬ್ರಿಟನ್ ತಾನೇ ಹೊರಗಿನ ದೇಶವಾಯಿತು. ತೊಟ್ಟಿ ಇಲ್ಲದವರ ವ್ಯಾಪಾರ ಅಲ್ಲಿಗೇ ನಿಂತಿತು. ಸಮುದ್ರ ಅದೇ, ಮರುವಾಯಿ ಅದೇ, ತಗೊಳ್ಳುವವನೂ ಕಾಯ್ತಾ ಇದ್ದಾನೆ. ಆದರೂ ಕಳಿಸುವ ಹಾಗಿಲ್ಲ. ನನಗೆ ಹೊಟ್ಟೆ ಉರಿಯುವುದು ಇಲ್ಲಿ. ವೇದಿಕೆಯಲ್ಲಿ ಮೀನುಗಾರರ ಹೆಸರು ಹೇಳಿದವರು ಈ ನಿಯಮವನ್ನು ಮೊದಲೇ ಓದಿ ಅವರಿಗೆ ತಿಳಿಸಬೇಕಿತ್ತು.

ಕೋಟಾ? ಬ್ರಿಟನ್ನಿನ ನೀರಿನಲ್ಲಿ ಯುರೋಪಿನವರು ಹಿಡಿಯುವುದರ ಕಾಲು ಭಾಗ ನಿಧಾನಕ್ಕೆ ಬ್ರಿಟನ್ನಿಗೆ ಅಂತ ಒಪ್ಪಂದವಾಯಿತು. 2025ರ ಮೇ ತಿಂಗಳಲ್ಲಿ ಬ್ರಿಟನ್ ಯುರೋಪಿನ ಬೋಟುಗಳಿಗೆ 2038ರವರೆಗೂ ಅವಕಾಶ ಮುಂದುವರಿಸಿತು.

[ಸ್ಕ್ರೀನ್ ಮೇಲೆ: ಗ್ರೀನ್‌ಲ್ಯಾಂಡ್ ನಕ್ಷೆ]

ನಿಜವಾಗಿ ಮೀನಿಗಾಗಿಯೇ ಬಿಟ್ಟವರೂ ಉಂಟು. ಡೆನ್ಮಾರ್ಕ್ 1973ರಲ್ಲಿ ಈಗಿನ ಯೂನಿಯನ್ನಿನ ಹಿಂದಿನ ರೂಪವಾದ ಯುರೋಪಿನ ಸಮುದಾಯಕ್ಕೆ ಸೇರಿದಾಗ, ಅದರ ಆಡಳಿತದಲ್ಲಿದ್ದ ಗ್ರೀನ್‌ಲ್ಯಾಂಡ್ ಜೊತೆಗೇ ಹೋಗಬೇಕಾಯಿತು. ಅಲ್ಲಿನ ಶೇ. 70ರಷ್ಟು ಜನ ಬೇಡ ಅಂದಿದ್ದರೂ! 1979ರಲ್ಲಿ ಸ್ವಯಮಾಡಳಿತ ಬಂತು. ನಾಯಕ ಜೊನಾಥನ್ ಮೋಟ್ಸ್‌ಫೆಲ್ಟ್, ಮೂಲತಃ ಪಾದ್ರಿ. 1982ರಲ್ಲಿ ಮತ ಹಾಕಿ, 1985ರ ಫೆಬ್ರವರಿ 1ಕ್ಕೆ ಹೊರಬಂದರು. ಹೊರಡುವ ಮುಂಚೆ ಮಾತುಕತೆ ಮುಗಿಸಿದ್ದರು ನೋಡಿ: ನಮ್ಮ ಕಡಲಲ್ಲಿ ಮೀನು ಹಿಡಿಯಬೇಕಾದರೆ ಹಣ ಕೊಡಿ, ನಮ್ಮ ಮೀನಿಗೆ ನಿಮ್ಮ ಮಾರುಕಟ್ಟೆಯಲ್ಲಿ ಸುಂಕ ಬೇಡ. ಎರಡೂ ಸಿಕ್ಕಿತು. ಊರಿನ ಹೊಟ್ಟೆಪಾಡೇ ಮೀನು, ನಾಯಕ ಕೇಳಿದ್ದೂ ಮೀನನ್ನೇ.

ಟೈಮ್ ಆಯ್ತು, ಬೇರೆ ಸಂಸ್ಥೆ, ಒಕ್ಕೂಟ ಬಿಟ್ಟ ನಾಯಕರ ಕಥೆ ಒಟ್ಟಿಗೇ ಹೇಳ್ತೇನೆ. 1965ರಲ್ಲಿ ಇಂಡೋನೇಷ್ಯಾದ ಸುಕಾರ್ನೊ ವಿಶ್ವಸಂಸ್ಥೆಯನ್ನೇ ಬಿಟ್ಟರು, ಶತ್ರು ಮಲೇಷ್ಯಾಕ್ಕೆ ಭದ್ರತಾ ಮಂಡಳಿಯಲ್ಲಿ ಜಾಗ ಸಿಕ್ಕಿತು ಅಂತ. ಮರುವರ್ಷವೇ ಇಂಡೋನೇಷ್ಯಾ ವಾಪಸ್. ಫಿಲಿಪೀನ್ಸ್‌ನ ಡುಟರ್ಟೆ 2018ರಲ್ಲಿ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದಿಂದ ಹೊರಹೋಗುವ ನೋಟಿಸ್ ಕೊಟ್ಟದ್ದು, ಅದು ಅವರ ಡ್ರಗ್ಸ್ ಕಾರ್ಯಾಚರಣೆಯ ಸಾವುಗಳನ್ನು ಪರಿಶೀಲಿಸಲು ಶುರುಮಾಡಿದ ಮುಂದಿನ ತಿಂಗಳೇ. ಮಾಲಿ, ಬುರ್ಕಿನಾ ಫಾಸೊ, ನೈಜರ್ ದೇಶಗಳ ಸೇನಾ ಆಡಳಿತಗಾರರು 2025ರ ಜನವರಿಯಲ್ಲಿ ಪಶ್ಚಿಮ ಆಫ್ರಿಕಾದ ಎಕೋವಾಸ್ ಒಕ್ಕೂಟ ಬಿಟ್ಟರು. ಚುನಾವಣೆ ಯಾವಾಗ ಅಂತ ಕೇಳ್ತಿದ್ದದ್ದು ಆ ಒಕ್ಕೂಟ. ಆದರೆ ಎಂಟು ದೇಶಗಳು ಹಂಚಿಕೊಂಡ ಸಿಎಫ್‌ಎ ಫ್ರಾಂಕ್ ಎಂಬ ಕರೆನ್ಸಿಯ ಒಕ್ಕೂಟವನ್ನು ಆವಾಗ ಬಿಡಲಿಲ್ಲ. ಸಂಬಳ, ಸಂತೆ ಎಲ್ಲ ಅದರಲ್ಲೇ ನಡೆಯುವುದು. ಆ ಕರೆನ್ಸಿಯ ಕಥೆ ದೊಡ್ಡದುಂಟು, ಮುಂದಿನ ವಿಡಿಯೋ ಅದರದ್ದೇ.