ಆರು ತಿಂಗಳ ಪ್ರಯಾಣಕ್ಕೆ ಎಷ್ಟು ದೊಡ್ಡ ಸೂಟ್‌ಕೇಸ್ ಬೇಕು?

ನಮಸ್ಕಾರ. ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆಂದು ಆರು ತಿಂಗಳ ಮಟ್ಟಿಗೆ ಹೊರಡುವ ತಂದೆ ತಾಯಿಯರು ಈಗ ನಮ್ಮ ಊರುಗಳಲ್ಲಿ ಅಪರೂಪವಲ್ಲ. ವೀಸಾ ಕೈಸೇರಿದ ಮೇಲೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಸೂಟ್‌ಕೇಸಿನದು. ಅಂಗಡಿಯವರು 28 ಇಂಚಿನದನ್ನು ತೋರಿಸುತ್ತಾರೆ, ಆರು ತಿಂಗಳೆಂದರೆ ದೊಡ್ಡದೇ ಬೇಕಲ್ಲವೇ ಎಂದು ಮನೆಯವರೂ ಒಪ್ಪಿಬಿಡುತ್ತಾರೆ. ಅರವತ್ತು ದಾಟಿದವರ ಮಟ್ಟಿಗೆ ಈ ಆಯ್ಕೆ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಅವರಿಗೆ ಬೇಕಾದದ್ದು 24 ಇಂಚಿನ ಆಸುಪಾಸಿನ ಪೆಟ್ಟಿಗೆ.

ಭಾರತದಿಂದ ಅಮೆರಿಕಕ್ಕೆ ಹೋಗುವ ಸಾಮಾನ್ಯ ಇಕಾನಮಿ ಟಿಕೆಟ್ಟಿನಲ್ಲಿ ಹೆಚ್ಚಾಗಿ ತಲಾ 23 ಕಿಲೋದ ಎರಡು ಪೆಟ್ಟಿಗೆಗಳಿಗೆ ಅವಕಾಶವಿರುತ್ತದೆ. ಕೆಲವು ಅಗ್ಗದ ಟಿಕೆಟ್ಟುಗಳಲ್ಲಿ ಒಂದಕ್ಕೆ ಮಾತ್ರ ಇರುವುದರಿಂದ ಟಿಕೆಟ್ಟನ್ನು ಓದಿಯೇ ತೀರ್ಮಾನಿಸಬೇಕು. ಪೆಟ್ಟಿಗೆ ಚಿಕ್ಕದಿರಲಿ ದೊಡ್ಡದಿರಲಿ, ತೂಕದ ಮಿತಿ ಅದೇ 23 ಕಿಲೋ. 28 ಇಂಚಿನ ಗಟ್ಟಿ ಕವಚದ ಪೆಟ್ಟಿಗೆ ಖಾಲಿಯಿದ್ದಾಗಲೇ ನಾಲ್ಕರಿಂದ ಐದು ಕಿಲೋ ತೂಗುತ್ತದೆ. ಉಳಿಯುವುದು ಹದಿನೆಂಟು ಹತ್ತೊಂಬತ್ತು ಕಿಲೋ ಮಾತ್ರ. ಅದರೊಳಗೆ ತೊಂಬತ್ತು ಲೀಟರಿಗೂ ಮಿಕ್ಕಿದ ಜಾಗವಿರುತ್ತದೆ, ಆ ಜಾಗ ತುಂಬುವ ಮೊದಲೇ ತೂಕ ಮುಗಿದುಹೋಗಿರುತ್ತದೆ.

ಬಾಣಂತನಕ್ಕೆ ಹೊರಟ ತಾಯಿ ಕೊಂಡೊಯ್ಯುವ ಸಾಮಾನನ್ನು ನೆನೆಸಿಕೊಂಡರೆ ಈ ಮಾತು ಸ್ಪಷ್ಟವಾಗುತ್ತದೆ. ಸಾರಿನ ಪುಡಿ, ಚಟ್ನಿಪುಡಿ, ರಾಗಿಹಿಟ್ಟು, ಮಿಡಿ ಉಪ್ಪಿನಕಾಯಿ, ಬಾಣಂತಿ ಲೇಹ್ಯ, ಅಂಟಿನುಂಡೆ. ಇವೆಲ್ಲ ಕಡಿಮೆ ಜಾಗ ಹಿಡಿದು ಹೆಚ್ಚು ತೂಗುವ ಪದಾರ್ಥಗಳು. ಒಂದು ಲೀಟರಿನ ಡಬ್ಬಿಯಲ್ಲಿ ಅರ್ಧ ಕಿಲೋಗೂ ಹೆಚ್ಚು ರಾಗಿಹಿಟ್ಟು ಹಿಡಿಯುತ್ತದೆ. ಅಂದರೆ ಹತ್ತು ಕಿಲೋ ಹಿಟ್ಟು ಪುಡಿಗಳಿಗೆ ಇಪ್ಪತ್ತು ಲೀಟರ್ ಜಾಗ ಸಾಕು, ಉಳಿದ ಎಂಟೊಂಬತ್ತು ಕಿಲೋ ಬಟ್ಟೆಬರೆಯನ್ನು ಒತ್ತಿ ಮಡಿಸಿಟ್ಟರೆ ಅರವತ್ತು ಎಪ್ಪತ್ತು ಲೀಟರಿನ 24 ಇಂಚಿನ ಪೆಟ್ಟಿಗೆಯಲ್ಲಿ ಎಲ್ಲವೂ ಹಿಡಿಸುತ್ತದೆ. ನನ್ನ ತಾಯಿ ಮೊದಲ ಸಲ ಹೊರಟಾಗ ನಾವು ಈ ಲೆಕ್ಕ ಹಾಕಿರಲಿಲ್ಲ. ಜಾಗವಿದೆಯಲ್ಲ ಎಂದು ತುಂಬುತ್ತಲೇ ಹೋದೆವು. ವಿಮಾನ ನಿಲ್ದಾಣದ ತಕ್ಕಡಿ 27 ಕಿಲೋ ತೋರಿಸಿತು. ಹಿಂದೆ ಸಾಲು ನಿಂತಿರುವಾಗ ಅವರು ನೆಲದ ಮೇಲೆ ಕುಳಿತು, ತಿಂಗಳುಗಟ್ಟಲೆ ಕಷ್ಟಪಟ್ಟು ಮಾಡಿದ್ದ ಪುಡಿಗಳಲ್ಲಿ ಯಾವುದನ್ನು ಬಿಡುವುದೆಂದು ಆರಿಸುತ್ತಿದ್ದುದನ್ನು ನೋಡಿ ನನಗಾದ ಸಂಕಟ ಇಂದಿಗೂ ಹೋಗಿಲ್ಲ.

ತೂಕದ ವಿಷಯದಲ್ಲಿ ಇನ್ನೊಂದು ಮಿತಿಯೂ ಇದೆ. ಹೆಚ್ಚುವರಿ ಹಣ ಕಟ್ಟುತ್ತೇವೆಂದರೂ 32 ಕಿಲೋ ಮೀರಿದ ಒಂದೇ ಪೆಟ್ಟಿಗೆಯನ್ನು ಬಹುತೇಕ ವಿಮಾನ ಸಂಸ್ಥೆಗಳು ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಅದನ್ನು ಎತ್ತಿ ಇಳಿಸುವವರು ಮನುಷ್ಯರು, ಅವರ ಸೊಂಟ ಉಳಿಯಬೇಕು. ಅದೇ ಕೆಲಸಕ್ಕೆಂದು ಇರುವ ಗಟ್ಟಿಮುಟ್ಟಾದ ಆಳಿಗೇ ಇಂತಹ ಮಿತಿಯಿರುವಾಗ, ಮಂಡಿನೋವಿರುವ ಅರವತ್ತೈದರ ತಾಯಿಯ ಮಿತಿ ಎಷ್ಟು ಎಂದು ನಾವು ಕೇಳಿಕೊಳ್ಳಲೇಬೇಕು. ಅಮೆರಿಕದೊಳಗೆ ಇನ್ನೊಂದು ವಿಮಾನ ಹಿಡಿಯುವವರು ಸಾಮಾನ್ಯವಾಗಿ ಮೊದಲು ಇಳಿದ ನಿಲ್ದಾಣದಲ್ಲಿಯೇ ಪೆಟ್ಟಿಗೆಗಳನ್ನು ಬೆಲ್ಟಿನಿಂದ ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಒಪ್ಪಿಸಬೇಕಾಗುತ್ತದೆ. ಚಲಿಸುತ್ತಿರುವ ಬೆಲ್ಟಿನಿಂದ 23 ಕಿಲೋವನ್ನು ಎಳೆಯುವುದು ಹೇಗಿದ್ದರೂ ಕಷ್ಟವೇ. ಅದು ಎತ್ತರವಾದ, ಅಗಲವಾದ ಪೆಟ್ಟಿಗೆಯಾದರೆ ಹಿಡಿತವೇ ಸಿಗುವುದಿಲ್ಲ. ಹಾಗಾಗಿ 24 ಇಂಚಿನದನ್ನೂ 23 ಕಿಲೋ ಮುಟ್ಟಿಸದೆ ಇಪ್ಪತ್ತಕ್ಕೆ ನಿಲ್ಲಿಸಿ ಎಂದೇ ನಾನು ಹೇಳುತ್ತೇನೆ.

ಪ್ರಯಾಣ ವಿಮಾನ ನಿಲ್ದಾಣದಿಂದ ಶುರುವಾಗುವುದೂ ಇಲ್ಲ. ಶಿವಮೊಗ್ಗ, ಹುಬ್ಬಳ್ಳಿಗಳಿಂದ ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಬಂದು ದೇವನಹಳ್ಳಿಗೆ ಹೋಗುವವರು ಎಷ್ಟೋ ಮಂದಿ. ಎಸಿ ತ್ರೀಟಯರ್ ಬೋಗಿಗೆ ರೈಲ್ವೆ ನಿಗದಿಪಡಿಸಿದ ಪೆಟ್ಟಿಗೆಯ ಅಳತೆ 55, 45, 22.5 ಸೆಂಟಿಮೀಟರ್. 24 ಇಂಚಿನದೂ ಇದನ್ನು ಸ್ವಲ್ಪ ಮೀರುತ್ತದೆ ನಿಜ, ಆದರೆ 28ರದು ಬಹಳವೇ ಮೀರುತ್ತದೆ. ಅಂತಹ ನಾಲ್ಕು ಪೆಟ್ಟಿಗೆಗಳಿದ್ದರೆ ಒಂದೇ ಟ್ಯಾಕ್ಸಿಯ ಡಿಕ್ಕಿಯಲ್ಲಿಯೂ ಹಿಡಿಸುವುದಿಲ್ಲ.

ದೊಡ್ಡ ಪೆಟ್ಟಿಗೆಗೆ ನ್ಯಾಯವಾದ ಒಂದು ಸಂದರ್ಭವಿದೆ, ಅದನ್ನೂ ಹೇಳಬೇಕು. ಹಳೆಯ ಸೀರೆಗಳಿಂದ ಹೊಲಿದ ಕೌದಿ, ಉಣ್ಣೆಯ ಕೋಟು, ಹಾಸು ಹೊದಿಕೆ ಇಂತಹ ಹಗುರವಾದರೂ ಉಬ್ಬಿಕೊಳ್ಳುವ ವಸ್ತುಗಳನ್ನು ಒಯ್ಯುವುದಿದ್ದರೆ ಒಂದು 28 ಇಂಚಿನದು ಇರಲಿ. ಅದಕ್ಕೆ ಹಿಟ್ಟಿನ ಡಬ್ಬಿ ಮಾತ್ರ ಸೇರಿಸಬೇಡಿ. ಕೊಳ್ಳುವಾಗ ಟೇಪು ಹಿಡಿದು ಚಕ್ರ, ಹಿಡಿಕೆಗಳನ್ನೂ ಸೇರಿಸಿ ಉದ್ದ, ಅಗಲ, ದಪ್ಪ ಅಳೆಯಿರಿ, ಏಕೆಂದರೆ ಬಹುತೇಕ ವಿಮಾನ ಸಂಸ್ಥೆಗಳಲ್ಲಿ ಮೂರರ ಮೊತ್ತ 158 ಸೆಂಟಿಮೀಟರ್ ದಾಟಬಾರದು. ಅಂಗಡಿಯಲ್ಲಿ ಹೇಳುವ 28 ಇಂಚು ಬರೀ ಎತ್ತರದ ಲೆಕ್ಕ. 75, 52, 30 ಇದ್ದರೆ ಮೊತ್ತ 157. ಹಿಗ್ಗಿಸುವ ಜಿಪ್ಪು ಬಿಚ್ಚಿದ ಕೂಡಲೇ ಅದು ಮಿತಿ ಮೀರುತ್ತದೆ.

ಆರು ತಿಂಗಳು ಎಂಬ ಮಾತಿನಿಂದಲೇ ಈ ತಪ್ಪು ಹುಟ್ಟುವುದರಿಂದ ಅದನ್ನೂ ಬಿಡಿಸಿ ನೋಡೋಣ. ಮಗಳ ಮನೆಯಲ್ಲಿ ಒಗೆಯುವ ಯಂತ್ರವಿರುತ್ತದೆ, ಹತ್ತು ದಿನಕ್ಕೆ ಸಾಕಾಗುವ ಬಟ್ಟೆ ಆರು ತಿಂಗಳಿಗೂ ಸಾಕು. ದಿನಗಳಿಗೆ ತಕ್ಕಂತೆ ನಿಜವಾಗಿ ಬೆಳೆಯುವುದು ರಕ್ತದೊತ್ತಡ, ಮಧುಮೇಹಗಳ ಮಾತ್ರೆ ಮಾತ್ರ. ಅವು ವೈದ್ಯರ ಚೀಟಿಯೊಂದಿಗೆ, ಕಂಪನಿಯ ಪೊಟ್ಟಣದಲ್ಲಿಯೇ, ಕೈಯಲ್ಲಿ ಒಯ್ಯುವ ಕ್ಯಾಬಿನ್ ಬ್ಯಾಗಿನಲ್ಲಿರಬೇಕು. ಅನೇಕ ಸಂಸ್ಥೆಗಳು ಆ ಬ್ಯಾಗಿಗೆ ಕೊಡುವುದು ಏಳೆಂಟು ಕಿಲೋ ಅಷ್ಟೇ ಆದ್ದರಿಂದ, ಮಾತ್ರೆಗಳನ್ನು ಮೊದಲು ಇಟ್ಟು, ಒಂದು ಜೊತೆ ಬಟ್ಟೆಯನ್ನೂ ಶಾಲನ್ನೂ ಅವುಗಳ ಮೇಲೆ ಇಡಿ. ಮುಖ್ಯ ಪೆಟ್ಟಿಗೆ ಒಂದೆರಡು ದಿನ ತಡವಾಗಿ ಬಂದರೂ ಅಮ್ಮನ ಬೆಳಗಿನ ಮಾತ್ರೆ ತಪ್ಪುವುದಿಲ್ಲ.