ಎರಡು ಹಳೆಯ ಕಾರುಗಳ ನಡುವೆ

ಕೇಳುಗ ಬಂಧುಗಳೆ, ನಮಸ್ಕಾರ.

ತಿಕೋಟಾ ಭಾಗದಲ್ಲಿ ದ್ರಾಕ್ಷಿ ಬೆಳೆಯುವ ನನ್ನ ಭಾವನವರು, ಒಣದ್ರಾಕ್ಷಿಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷ, ಒಂದು ಸಂಜೆ ಮೊಬೈಲಿನಲ್ಲಿ ಎರಡು ಕಾರುಗಳ ಚಿತ್ರ ತೋರಿಸಿ ಇವುಗಳಲ್ಲಿ ಯಾವುದನ್ನು ಕೊಳ್ಳಲಿ ಎಂದು ಕೇಳಿದರು. ಒಂದು ಪುಣೆಯಲ್ಲಿ ನೋಂದಣಿಯಾದ ಮರ್ಸಿಡಿಸ್ ಬೆಂಜ್ ಇ 250 ಸಿಡಿಐ. ಇನ್ನೊಂದು ದೆಹಲಿಯಿಂದ ಬಂದು ಸೊಲ್ಲಾಪುರದ ವ್ಯಾಪಾರಿಯೊಬ್ಬರ ಅಂಗಳದಲ್ಲಿ ನಿಂತಿದ್ದ ಬಿಎಂಡಬ್ಲ್ಯೂ 520ಡಿ. ಎರಡೂ 2013ರವು, ಎರಡೂ ಡೀಸೆಲ್ ಕಾರುಗಳು. ಹೊಸದಾಗಿದ್ದಾಗ ನಮ್ಮಂಥವರು ದೂರದಿಂದಲೇ ನೋಡಿ ಮುಂದೆ ಹೋಗುತ್ತಿದ್ದ ಕಾರುಗಳಿಗೆ ಈಗ ಹೇಳುತ್ತಿದ್ದ ಬೆಲೆ, ಒಂದು ಸಾಧಾರಣ ಹೊಸ ಕಾರಿನ ಬೆಲೆಗಿಂತಲೂ ಕಡಿಮೆಯಾಗಿತ್ತು. ದೆಹಲಿಯ ಕಾರಿಗೆ ಪುಣೆಯ ಕಾರಿಗಿಂತ ಒಂದೂವರೆ ಲಕ್ಷ ರೂಪಾಯಿ ಕಡಿಮೆ.

ನಾನು ಮೊದಲು ಹೇಳಿದ್ದು ಒಂದೇ ಮಾತು: ಹಳೆಯ ಕಾರಿನ ಬೆಲೆ ಇಳಿಯುತ್ತದೆ, ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಕಾರು ಅಗ್ಗವಾಗಿ ಸಿಕ್ಕಿತೆಂದು ಅದರ ಗೇರ್‌ಬಾಕ್ಸ್, ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಅಥವಾ ಹೆಡ್‌ಲೈಟ್ ಅಗ್ಗವಾಗುವುದಿಲ್ಲ. ಮೂಗಿಗಿಂತ ಮೂಗುತಿ ಭಾರವಾಗುವ ದಿನ ಬಂದೇ ಬರುತ್ತದೆ. ಆದ್ದರಿಂದ ಕೈಯಲ್ಲಿರುವ ಹಣವನ್ನೆಲ್ಲ ಕಾರಿಗೇ ಸುರಿಯದೆ, ಅದರ ಕಾಲು ಭಾಗವನ್ನಾದರೂ ಮೊದಲ ವರ್ಷದ ದುರಸ್ತಿಗೆಂದು ತೆಗೆದಿಡುವ ಮನಸ್ಸಿದ್ದರೆ ಮಾತ್ರ ಮುಂದಿನ ಮಾತು ಎಂದೆ. ಭಾವನವರು ಒಪ್ಪಿದರು.

ಈಗ ಎಂಜಿನ್ನಿನ ಮಾತಿಗೆ ಬರೋಣ. ಬೆಂಜ್‌ನ 2143 ಸಿಸಿ ಎಂಜಿನ್ 204 ಅಶ್ವಶಕ್ತಿ ಮತ್ತು 500 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ; ಬಿಎಂಡಬ್ಲ್ಯೂನ 1995 ಸಿಸಿ ಎಂಜಿನ್ 184 ಅಶ್ವಶಕ್ತಿ ಮತ್ತು 380 ನ್ಯೂಟನ್ ಮೀಟರ್. ಕಾಗದದ ಮೇಲೆ ಬೆಂಜ್ ಮುಂದಿದ್ದರೂ, ಬಿಎಂಡಬ್ಲ್ಯೂಗೆ ಇರುವ ಝಡ್‌ಎಫ್ ಕಂಪನಿಯ 8 ಗೇರುಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಹಳ ಚುರುಕಾದದ್ದು. ಹುನಗುಂದದ ಕಡೆಗೆ ಸಾಗುವ ನೇರ ಹೆದ್ದಾರಿಯಲ್ಲಿ ಅದನ್ನು ಓಡಿಸುವ ಸುಖವೇ ಬೇರೆ ಎಂದು ಮನಸಾರೆ ಹೇಳುತ್ತೇನೆ. ಆದರೆ ಅದೇ ಎಂಜಿನ್ನಿನ ಒಂದು ದೌರ್ಬಲ್ಯ ಕಾರು ಬಲ್ಲವರಿಗೆಲ್ಲ ಗೊತ್ತಿದೆ. ಎನ್47 ಎಂಬ ಆ ಎಂಜಿನ್ನಿನಲ್ಲಿ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವ ಟೈಮಿಂಗ್ ಚೈನ್, ಅದರಲ್ಲೂ ಮೊದಲ ವರ್ಷಗಳ ಕಾರುಗಳಲ್ಲಿ, ಬೇಗ ಸವೆಯುತ್ತದೆಂಬ ದೂರು ಹಲವು ದೇಶಗಳಿಂದ ಬಂದಿದೆ. ಚೈನ್ ಎಂಜಿನ್ನಿನ ಮುಂದಿದ್ದರೆ ಬದಲಿಸುವುದು ಅಷ್ಟು ಕಷ್ಟವಲ್ಲ. ಇಲ್ಲಿ ಅದು ಹಿಂಬದಿಗೆ, ಗೇರ್‌ಬಾಕ್ಸ್ ಇರುವ ಕಡೆಗೆ ಇರುವುದರಿಂದ ಗೇರ್‌ಬಾಕ್ಸನ್ನೋ ಇಡೀ ಎಂಜಿನ್ನನ್ನೋ ಇಳಿಸದೆ ಕೈ ಹಾಕುವಂತಿಲ್ಲ. ಚೈನ್ ತುಂಡಾದರೆ ವಾಲ್ವ್ ಮತ್ತು ಪಿಸ್ಟನ್ ಒಂದಕ್ಕೊಂದು ಬಡಿದು ಎಂಜಿನ್ನೇ ಹೋಗುತ್ತದೆ. ಬೆಂಜ್‌ನಲ್ಲೂ ಚೈನ್ ಹಿಂದೆಯೇ ಇದೆ, ಆದರೆ ಸವೆತದ ದೂರು ಅಷ್ಟು ವ್ಯಾಪಕವಲ್ಲ. ಆ ಎಂಜಿನ್ನಿಗೂ ತನ್ನದೇ ತೊಂದರೆಯಿತ್ತು: ಮೊದಲೆರಡು ಮೂರು ವರ್ಷಗಳ ಕಾರುಗಳಲ್ಲಿ ಇಂಜೆಕ್ಟರುಗಳು ಕೆಡುತ್ತಿದ್ದವು. 2013ರ ಕಾರಿಗೆ ಆ ಭಯ ಕಡಿಮೆ.

ಸವೆದ ಚೈನಿನ ಸದ್ದು ಕೇಳಬೇಕಾದದ್ದು ತಣ್ಣಗಿನ ಎಂಜಿನ್ ಶುರುವಾದ ಮೊದಲ ಕೆಲವು ಕ್ಷಣಗಳಲ್ಲಿ. ಬಾನೆಟ್ಟಿನ ಹಿಂದಿನ ಅಂಚಿನಿಂದ ಡಬ್ಬಿಯಲ್ಲಿ ಮೊಳೆ ಅಲ್ಲಾಡಿಸಿದಂಥ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಹಾಗಾಗಿ ನಾವು ಬರುವವರೆಗೆ ಕಾರನ್ನು ಚಾಲೂ ಮಾಡಬೇಡಿ ಎಂದು ಹಿಂದಿನ ದಿನವೇ ಆ ವ್ಯಾಪಾರಿಗೆ ಹೇಳಿ, ಬೆಳಗಿನ ಜಾವ ವಿಜಯಪುರ ಬಿಟ್ಟು ಏಳು ಗಂಟೆಗೆ ಸೊಲ್ಲಾಪುರ ಸೇರಿದೆವು. ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ಬಿಸಿಯಾಗಿತ್ತು. ರಾತ್ರಿಯ ಇಬ್ಬನಿ ಪಕ್ಕದ ಕಾರುಗಳ ಗಾಜಿನ ಮೇಲೆ ಇನ್ನೂ ಆರಿರಲಿಲ್ಲ. ಈ ಕಾರಿನ ಬಾನೆಟ್ಟು ಮಾತ್ರ ಒಣಗಿತ್ತು. ಎಂಜಿನ್ನಿನಲ್ಲಿ ದೋಷವಿತ್ತೆಂದು ನಾನು ಹೇಳಲಾರೆ, ಆಮೇಲೆ ಅದು ನಿಶ್ಶಬ್ದವಾಗಿಯೇ ಓಡಿತು. ಆದರೆ ನಾವು ಕೇಳಬೇಕೆಂದಿದ್ದ ಆ ನಾಲ್ಕು ಕ್ಷಣಗಳನ್ನು ಯಾರೋ ನಮಗಿಂತ ಮುಂಚೆ ಕಳೆದುಬಿಟ್ಟಿದ್ದರು. ಸರ್ವಿಸ್ ದಾಖಲೆ ಕೇಳಿದರೆ, ದೆಹಲಿಯಲ್ಲಿ ಉಳಿದಿದೆ ಎಂಬ ಉತ್ತರ ಬಂತು.

ದೆಹಲಿಯ ಡೀಸೆಲ್ ಕಾರು ಅಗ್ಗವಾಗಿರುವುದಕ್ಕೆ ಕಾರಣ ಕಾರಿನಲ್ಲೇ ಇರಬೇಕೆಂದಿಲ್ಲ. ರಾಜಧಾನಿ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳ ಓಡಾಟವನ್ನು ಹಸಿರು ನ್ಯಾಯಮಂಡಳಿ 2015ರಲ್ಲಿ ನಿರ್ಬಂಧಿಸಿತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಆಮೇಲೆ ಅಲ್ಲಿಯ ಎಷ್ಟೋ ಒಳ್ಳೆಯ ಕಾರುಗಳು ದಕ್ಷಿಣದ ದಾರಿ ಹಿಡಿದವು. ಆದರೆ ಆ ಒಂದೂವರೆ ಲಕ್ಷದ ಉಳಿತಾಯವನ್ನು ಹಾಗೆಯೇ ಜೇಬಿಗೆ ಹಾಕಿಕೊಳ್ಳುವಂತಿಲ್ಲ. ಮೂಲ ಆರ್‌ಟಿಒದ ನಿರಾಕ್ಷೇಪಣಾ ಪತ್ರ, ಅಂದರೆ 28ನೇ ನಮೂನೆ, ಕೈಗೆ ಬರಬೇಕು. ಕಾರಿನ ಮೇಲೆ ಸಾಲವಿದ್ದರೆ ಅದು ತೀರಿದೆಯೆಂದು ಬ್ಯಾಂಕು 35ನೇ ನಮೂನೆಯಲ್ಲಿ ಬರೆದುಕೊಡಬೇಕು. ಕೆಎ-28 ಎಂಬ ನಮ್ಮ ಸಂಖ್ಯೆ ಬೀಳುವ ಮುನ್ನ ಕರ್ನಾಟಕದ ಆಜೀವ ತೆರಿಗೆಯನ್ನು ಕಾರಿನ ವಯಸ್ಸಿಗೆ ತಕ್ಕಂತೆ ಕಟ್ಟಬೇಕು. ಪುಣೆಯ ಕಾರಿಗೂ ಇದೆಲ್ಲ ತಪ್ಪಿದ್ದಲ್ಲ, ಆದರೆ ಅದರ ಮಾಲೀಕರು ಒಬ್ಬರೇ, ಅವರು ಎದುರಿಗೆ ಕುಳಿತು ಸಹಿ ಹಾಕಬಲ್ಲವರು. ದೆಹಲಿಯ ಕಾರು ಮೂರು ಕೈ ದಾಟಿತ್ತು.

ಟಯರಿನ ವಿಷಯ ಸಣ್ಣದೆನಿಸಬಹುದು, ನಮ್ಮ ಸೀಮೆಯಲ್ಲಿ ಅದು ಸಣ್ಣದಲ್ಲ. ಎರೆ ನೆಲದ ಮೇಲೆ ಹಾಕಿದ ರಸ್ತೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಅದರ ಅಂಚನ್ನು ಇನ್ನಷ್ಟು ಒಡೆಯುತ್ತವೆ. ಬಿಎಂಡಬ್ಲ್ಯೂಗೆ ರನ್ ಫ್ಲಾಟ್ ಟಯರ್ ಇರುವುದರಿಂದ ಗಾಳಿ ಹೋದ ಮೇಲೂ ಗಂಟೆಗೆ 80 ಕಿಲೋಮೀಟರ್ ಮೀರದ ವೇಗದಲ್ಲಿ ಸುಮಾರು 80 ಕಿಲೋಮೀಟರ್ ಸಾಗಬಹುದು. ಆದರೆ ತಗ್ಗಿನ ಏಟಿಗೆ ಟಯರಿನ ಪಕ್ಕವೇ ಸೀಳಿದರೆ ಆ ಅನುಕೂಲವೂ ಇಲ್ಲ, ಡಿಕ್ಕಿಯಲ್ಲಿ ಸ್ಟೆಪ್ನಿಯೂ ಇಲ್ಲ. ರಾತ್ರಿ ಹತ್ತು ಗಂಟೆಗೆ ನಿಡಗುಂದಿಯಾಚೆ ಹಾಗಾದರೆ ಅದೇ ಅಳತೆಯ ಟಯರ್ ಎಲ್ಲಿಂದ ತರುವುದು? ಪುಣೆಯ ಬೆಂಜ್‌ನ ಡಿಕ್ಕಿ ತೆರೆದಾಗ ಸ್ಟೆಪ್ನಿ ಕಂಡು ಭಾವನವರ ಮುಖ ಅರಳಿದ್ದು ಇದೇ ಕಾರಣಕ್ಕೆ.

ಇನ್ನೊಂದನ್ನು ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರದ ಕೇಳುಗರಿಗೆ ವಿಶೇಷವಾಗಿ ಹೇಳಬೇಕು. 2019ರ ಆಗಸ್ಟಿನ ನೆರೆಯನ್ನು ಬೆಳಗಾವಿ, ಬಾಗಲಕೋಟೆಯವರು ಮರೆಯಲಾರರು. ನೀರಿನಲ್ಲಿ ನಿಂತ ಕಾರುಗಳು ತೊಳೆದು ಒರೆಸಿಕೊಂಡು ಮತ್ತೆ ಮಾರಾಟಕ್ಕೆ ಬರುತ್ತವೆ. ಸೀಟುಗಳನ್ನು ತೊಳೆಯಬಹುದು, ಆದರೆ ಸೀಟ್ ಬೆಲ್ಟಿನ ಒಳಗಿನ ತುದಿಯನ್ನು ತೊಳೆಯುವುದು ಹಲವರಿಗೆ ಹೊಳೆಯುವುದಿಲ್ಲ. ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ: ಕೊನೆಯ ಒಂದು ಗೇಣಿನಲ್ಲಿ ಕಂದು ಗೆರೆ, ಮುಟ್ಟಿದರೆ ಬೆರಳಿಗೆ ಸಣ್ಣ ರೇವೆ ಹತ್ತಿದರೆ, ಆ ಕಾರಿನ ತಂತಿಗಳೂ ಕಂಪ್ಯೂಟರುಗಳೂ ನೀರು ಕುಡಿದಿವೆ ಎಂದೇ ತಿಳಿಯಿರಿ. ನಾವು ನೋಡಿದ ಎರಡೂ ಕಾರುಗಳ ಬೆಲ್ಟು ಸ್ವಚ್ಛವಾಗಿತ್ತು.

ಪುಣೆಯ ಮಾಲೀಕರು ಒಂದು ಪ್ಲಾಸ್ಟಿಕ್ ಚೀಲದ ತುಂಬ ರಸೀದಿಗಳನ್ನು ಇಟ್ಟಿದ್ದರು. 98,000 ಕಿಲೋಮೀಟರಿನ ಓಟ ಆ ರಸೀದಿಗಳಲ್ಲಿ ವರ್ಷ ವರ್ಷವೂ ಏರುತ್ತಾ ಬಂದಿತ್ತು. ಸ್ಕ್ಯಾನರ್ ಹಚ್ಚಿದಾಗ ಕಾರಿನ ಕಂಪ್ಯೂಟರೂ ಅದಕ್ಕೆ ಹೊಂದುವ ಅಂಕಿಯನ್ನೇ ತೋರಿಸಿತು. ದೆಹಲಿಯ ಕಾರಿಗೂ ಇಂಥದೇ ಚೀಲವಿದ್ದು, ಅದರಲ್ಲಿ ಚೈನ್ ಬದಲಿಸಿದ ಒಂದು ರಸೀದಿ ಇದ್ದಿದ್ದರೆ, ನಾನು ಬಿಎಂಡಬ್ಲ್ಯೂವನ್ನೇ ಕೊಳ್ಳಿ ಎನ್ನುತ್ತಿದ್ದೆ. ಭಾವನವರು ಬೆಂಜ್‌ಗೆ ಮುಂಗಡ ಕೊಟ್ಟು, ಉಳಿದ ಹಣವನ್ನು ನಿರಾಕ್ಷೇಪಣಾ ಪತ್ರ ಕೈಸೇರಿದ ದಿನ ಪಾವತಿ ಮಾಡಿದರು. ತೆಗೆದಿಟ್ಟ ಹಣದಿಂದ ಪುಣೆಯಲ್ಲೇ ಗೇರ್‌ಬಾಕ್ಸ್ ಎಣ್ಣೆ, ಬ್ರೇಕ್ ಎಣ್ಣೆ ಮತ್ತು ರಬ್ಬರು ಬಿರಿದಿದ್ದ ಎರಡು ಸಸ್ಪೆನ್ಷನ್ ಬುಷ್‌ಗಳನ್ನು ಬದಲಿಸಿಕೊಂಡು, ಮೊಣಕಾಲು ನೋವಿನ ಅತ್ತೆಯವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಸೊಲ್ಲಾಪುರದ ಹಾದಿಯಾಗಿ ಸಂಜೆಯ ಹೊತ್ತಿಗೆ ಊರು ತಲುಪಿದರು.

ನಮಸ್ಕಾರ.