ಪಂಕಾ, ಬೂಗಿಯಾ? ಜಗಳ ತೀರ್ಮಾನ ಆಗೋದು ಬಲಗೈಯಲ್ಲಿ

ಎಪ್ಪತ್ತರ ದಶಕದ ರಾಕ್ ಬಗ್ಗೆ ಮಾತು ಶುರುವಾದ್ರೆ ಸಾಕು, ಅಭಿಮಾನಿಗಳು ಎರಡು ಪಂಗಡ ಆಗಿಬಿಡ್ತಾರೆ. ಒಂದು ಕಡೆ ಬೂಗಿ, ಅಂದ್ರೆ ಬ್ಲೂಸ್‌ನಿಂದ ಬಂದ ತೂಗಾಡೋ ಲಯದ ರಾಕ್, ನುಡಿಸೋ ಕ್ಯಾನ್ಡ್ ಹೀಟ್, ಸ್ಟೇಟಸ್ ಕ್ವೋ, ಝೀಝೀ ಟಾಪ್ ತಂಡಗಳನ್ನ ಕೇಳೋರು. ಇವರ ಪ್ರಕಾರ ಪಂಕ್‌ನವರಿಗೆ ವಾದ್ಯ ನುಡಿಸೋಕೇ ಬರ್ತಿರಲಿಲ್ಲ. ಇನ್ನೊಂದು ಕಡೆ ಪಂಕ್, ಅಂದ್ರೆ ಚಿಕ್ಕ, ಒರಟು ಹಾಡುಗಳ ರಾಕ್, ನುಡಿಸೋ ರಾಮೋನ್ಸ್, ಸೆಕ್ಸ್ ಪಿಸ್ಟಲ್ಸ್, ಕ್ಲಾಶ್ ತಂಡಗಳನ್ನ ಕೇಳೋರು. ಬೂಗಿ ಅಂದ್ರೆ ಅದೇ ಮೂರು ಕಾರ್ಡ್ (ಒಟ್ಟಿಗೆ ನುಡಿಯೋ ಸ್ವರಗಳ ಗುಂಪು) ಹಿಡ್ಕೊಂಡು ಗಂಟೆಗಟ್ಟಲೆ ಎಳೆಯೋದು, ಪಂಕ್ ಬಂದು ಅದಕ್ಕೊಂದು ಕೊನೆ ಹಾಡ್ತು ಅಂತ ಇವರ ವಾದ. ಬಟ್ಟೆ, ಕೂದಲು, ರಾಜಕೀಯ ಎಲ್ಲ ಈ ಜಗಳದಲ್ಲಿ ಬರುತ್ತೆ. ಗಿಟಾರ್ ನುಡಿಸೋ ಕೈ ಮಾತ್ರ ಬರಲ್ಲ. ಈ ವಿಡಿಯೋದಲ್ಲಿ ನೋಡೋದು ಆ ಕೈಯನ್ನೇ.

ಮೊದಲು ಬೂಗಿ. ಜಾನ್ ಲೀ ಹೂಕರ್ 1948ರಲ್ಲಿ ಡೆಟ್ರಾಯ್ಟ್‌ನಲ್ಲಿ 'ಬೂಗಿ ಚಿಲನ್' ಧ್ವನಿಮುದ್ರಿಸಿದಾಗ ಅಲ್ಲಿದ್ದದ್ದು ಒಂದು ಗಿಟಾರ್, ಒಂದು ಗಂಟಲು, ಕಾಲಲ್ಲಿ ಕುಟ್ಟಿದ ತಾಳ, ಅಷ್ಟೇ. ಕಾರ್ಡ್ ಬದಲಾಗೋದೇ ಇಲ್ಲ. ಇಪ್ಪತ್ತು ವರ್ಷ ಆದ ಮೇಲೆ, 1968ರಲ್ಲಿ, ಕ್ಯಾನ್ಡ್ ಹೀಟ್ ಅದೇ ದಾರಿ ಹಿಡಿದು 'ಆನ್ ದ ರೋಡ್ ಅಗೇನ್' ಮಾಡಿತು. ಅದರ ಶುರುವಲ್ಲಿ ಕಿವಿಗೊಟ್ಟು ಕೇಳಿ, ಹಿಂದೆ ಝೇಂಕರಿಸ್ತಿರೋದು ನಮ್ಮ ತಂಬೂರಿ. ಒಂದೇ ಆಧಾರ ಶ್ರುತಿ ಮೇಲೆ ಲಯ ಓಡೋ ಸಂಗೀತಕ್ಕೆ ಅದು ಎಷ್ಟು ಸಹಜವಾಗಿ ಕೂತಿದೆ ನೋಡಿ.

ಈಗ ಬೂಗಿಯ ಎಡಗೈ. ತೆಳು ತಂತಿಯಿಂದ ಎಣಿಸಿದ್ರೆ ಐದನೇ ತಂತಿ, ಅಂದ್ರೆ ಎ ತಂತಿ, ಖಾಲಿ ಬಿಡಿ. ನಾಲ್ಕನೇ ತಂತಿಯ ಎರಡನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿಗಳ ಮನೆ) ಮೇಲೆ ತೋರುಬೆರಳು. ಈ ಎರಡೇ ತಂತಿ ಎರಡು ಸಲ ಮೀಟಿ. ತೋರುಬೆರಳು ಎತ್ತಬೇಡಿ, ಅದೇ ತಂತಿಯ ನಾಲ್ಕನೇ ಫ್ರೆಟ್ ಮೇಲೆ ಉಂಗುರ ಬೆರಳು ಒತ್ತಿ ಇನ್ನೆರಡು ಸಲ ಮೀಟಿ. ಪಂಚಮದಿಂದ ಧೈವತಕ್ಕೆ ಹೋಗಿ ವಾಪಸ್ ಬರೋದು. ಬೂಗಿಯ ಜೀವ ಇರೋದೇ ಈ ಓಲಾಟದಲ್ಲಿ. ಡಿ ಕಾರ್ಡಿಗೆ ಇಡೀ ಆಕಾರವನ್ನ ಒಂದು ತಂತಿ ಕೆಳಗೆ ಇಳಿಸಿ, ಇ ಕಾರ್ಡಿಗೆ ಒಂದು ತಂತಿ ಮೇಲೆ ಏರಿಸಿ. ಎ ನಾಲ್ಕು ಬಾರ್ (ಬಾರ್ ಅಂದ್ರೆ ನಾಲ್ಕು ಬೀಟಿನ ಒಂದು ಸುತ್ತು), ಡಿ ಎರಡು, ಮತ್ತೆ ಎ ಎರಡು, ಇ ಒಂದು, ಡಿ ಒಂದು, ಎ ಎರಡು. ಹನ್ನೆರಡು ಬಾರ್ ಮುಗೀತು.

ಖಾಲಿ ತಂತಿ ಸಿಗದ ಸ್ವರಗಳಲ್ಲಿ ಕಷ್ಟ ಶುರು. ಐದನೇ ಫ್ರೆಟ್‌ನಲ್ಲಿ ಇದೇ ಎ ಹಿಡೀಬೇಕು ಅಂದ್ರೆ ಆರನೇ ತಂತಿಯ ಐದನೇ ಫ್ರೆಟ್ ಮೇಲೆ ತೋರುಬೆರಳು, ಐದನೇ ತಂತಿಯ ಏಳರ ಮೇಲೆ ಉಂಗುರ ಬೆರಳು, ಅಲ್ಲಿಂದ ಕಿರುಬೆರಳು ಒಂಬತ್ತಕ್ಕೆ ಚಾಚಬೇಕು. ಹೊಸಬರ ಕಿರುಬೆರಳು ಇಲ್ಲಿ ಎಂಟೂವರೆಗೇ ನಿಂತುಬಿಡುತ್ತೆ, ಸ್ವರ ಬಡಿದುಕೊಳ್ಳುತ್ತೆ. ಕಾರಣ ಬಹುತೇಕ ಹೆಬ್ಬೆರಳು. ಅದು ಗಿಟಾರಿನ ಕತ್ತಿನ ಮೇಲಿಂದ ಇಣುಕ್ತಾ ಇದ್ರೆ ಅಂಗೈ ಮುಚ್ಚಿಕೊಂಡು ಬೆರಳು ಚಾಚಲ್ಲ. ಹೆಬ್ಬೆರಳನ್ನ ಕತ್ತಿನ ಹಿಂಭಾಗದ ನಡುವಿಗೆ ಇಳಿಸಿ. ಆಮೇಲೂ ಬರದಿದ್ರೆ ಹತ್ತನೇ ಫ್ರೆಟ್‌ನಲ್ಲಿ ಅಭ್ಯಾಸ ಶುರು ಮಾಡಿ, ಅಲ್ಲಿ ಫ್ರೆಟ್‌ಗಳ ಅಂತರ ಕಡಿಮೆ. ಕೈ ಒಗ್ಗಿದ ಹಾಗೆ ಒಂದೊಂದೇ ಫ್ರೆಟ್ ಕೆಳಗೆ ಬನ್ನಿ.

ಆದ್ರೆ ಎಡಗೈ ಇಲ್ಲಿ ಅರ್ಧ ಮಾತ್ರ. ಬೂಗಿಯ ಲಯಕ್ಕೆ ಶಫಲ್ ಅಂತಾರೆ. ಕರ್ನಾಟಕ ಸಂಗೀತ ಒಂದಿಷ್ಟು ಕಿವಿಗೆ ಬಿದ್ದವರಿಗೆ ಇದು ಹೊಸದಲ್ಲ, ತಿಸ್ರ ನಡೆ. ತಕಿಟ ತಕಿಟ ಅಂತ ಬಾಯಲ್ಲಿ ಹೇಳ್ತಾ ನಡುವಿನ 'ಕಿ' ನುಂಗಿ. ತ, ಟ, ತ, ಟ. ಅದೇ ಶಫಲ್. ಮೊದಲ ಮೀಟು ಎರಡು ಪಾಲು ಉದ್ದ, ಎರಡನೆಯದು ಒಂದು ಪಾಲು. ಎಲ್ಲರೂ ತಪ್ಪೋದು ಒಂದೇ ಜಾಗದಲ್ಲಿ: ಎರಡಕ್ಕೆ ಒಂದು ಇರಬೇಕಾದ್ದು ಮೂರಕ್ಕೆ ಒಂದಾಗುತ್ತೆ. ತಕದಿಮಿಯಲ್ಲಿ 'ತ' ಮತ್ತು 'ಮಿ' ಮಾತ್ರ ನುಡಿಸಿದ ಹಾಗೆ. ಆಗ ಲಯ ಕುಂಟುತ್ತೆ, ಕುಣಿಯಲ್ಲ. ಮೆಟ್ರೋನೋಮ್, ಅಂದ್ರೆ ತಾಳ ಹಾಕೋ ಯಂತ್ರ, ನಿಮಿಷಕ್ಕೆ 80ಕ್ಕೆ ಇಟ್ಟು, ಬಾಯಲ್ಲಿ ಮೂರೂ ಅಕ್ಷರ ಹೇಳ್ತಾ ಕೈಯಲ್ಲಿ ಎರಡನ್ನೇ ಮೀಟೋದು ಇದಕ್ಕೆ ಮದ್ದು. ಬಾಯಿ ನಿಲ್ಲಿಸಿದ ತಕ್ಷಣ ಕೈ ತಪ್ಪಿದ್ರೆ ಇನ್ನೂ ಸಾಲದು ಅಂತ ಅರ್ಥ.

ಬಲಗೈಯ ಅಂಚು ಬ್ರಿಡ್ಜ್ (ತಂತಿಗಳು ಗಿಟಾರಿನ ಮೈಮೇಲೆ ಕೂರೋ ಕುದುರೆ) ಮೇಲೇ ಇರಲಿ. ಒಂದು ಬೆರಳಷ್ಟು ಮುಂದೆ ಸರಿದ್ರೂ ಸ್ವರ ಸತ್ತು ಬರೀ ಟಕಟಕ ಉಳಿಯುತ್ತೆ.

ಈಗ ಪಂಕ್. ರಾಮೋನ್ಸ್ ಮೊದಲ ಆಲ್ಬಂ ಬಂದದ್ದು 1976ರ ಏಪ್ರಿಲ್‌ನಲ್ಲಿ. 14 ಹಾಡು, ಒಟ್ಟು 29 ನಿಮಿಷ. ಈ ಆಲ್ಬಂ ಅನ್ನ ಹೆಡ್‌ಫೋನ್‌ನಲ್ಲಿ ಕೇಳಿ, ಎಡಗಡೆಯದನ್ನ ಕಿವಿಯಿಂದ ತೆಗೀರಿ. ಬಾಸ್ ಪೂರ್ತಿ ಎಡಕ್ಕೆ, ಗಿಟಾರ್ ಪೂರ್ತಿ ಬಲಕ್ಕೆ ಇಟ್ಟು ಮಿಕ್ಸ್ ಮಾಡಿದಾರೆ, ಹಾಗಾಗಿ ತಂಡದ ಗಿಟಾರಿಸ್ಟ್ ಜಾನಿ ರಾಮೋನ್ ಬಲಗೈ ಏನು ಮಾಡ್ತಿದೆ ಅನ್ನೋದು ಸ್ವಚ್ಛವಾಗಿ ಕೇಳುತ್ತೆ. ಎಲ್ಲ ಮೀಟೂ ಮೇಲಿಂದ ಕೆಳಕ್ಕೆ. ಒಂದೂ ಕೆಳಗಿಂದ ಮೇಲಕ್ಕಿಲ್ಲ. ಲಯ ನೇರ, ತಕ ತಕ ತಕ ತಕ. 'ಬ್ಲಿಟ್ಸ್‌ಕ್ರೀಗ್ ಬಾಪ್' ವೇಗ ನಿಮಿಷಕ್ಕೆ ಸುಮಾರು 175 ಬೀಟ್. ಬೀಟಿಗೆ ಎರಡು ಮೀಟು ಅಂದ್ರೆ ನಿಮಿಷಕ್ಕೆ 350, ಸೆಕೆಂಡಿಗೆ ಹತ್ತಿರ ಹತ್ತಿರ ಆರು. ಇದನ್ನ ನುಡಿಸೋಕೆ ಬರದವರ ಸಂಗೀತ ಅನ್ನೋರು ದಯವಿಟ್ಟು ಒಂದು ಹಾಡು ಪೂರ್ತಿ ಹೀಗೆ ಮೀಟಿ ನೋಡಿ. ಮೊದಲ ನಿಮಿಷದಲ್ಲೇ ಮುಂಗೈ ಕಲ್ಲಾಗುತ್ತೆ.

ಮೇಲೆ ಕೆಳಗೆ ಎರಡೂ ಬಳಸಿದ್ರೆ ಶ್ರಮ ಅರ್ಧ ಆಗುತ್ತಲ್ಲ, ಯಾಕೆ ಈ ಹಠ? ಕೆಳಕ್ಕೆ ಮೀಟಿದಾಗ ದಪ್ಪ ತಂತಿ ಮೊದಲು ನುಡಿಯುತ್ತೆ, ಮೇಲಕ್ಕೆ ಮೀಟಿದಾಗ ತೆಳು ತಂತಿ. ಎರಡನ್ನೂ ಬೆರೆಸಿದ್ರೆ ಒಂದು ಮೀಟು ಭಾರ, ಒಂದು ಹಗುರ. ಎಲ್ಲ ಕೆಳಕ್ಕೇ ಹೋದ್ರೆ ಎಲ್ಲದರ ತೂಕವೂ ಒಂದೇ. ಪಂಕ್ ಗಿಟಾರಿನ ಆ ಗೋಡೆಯಂಥ ಶಬ್ದಕ್ಕೆ ಕಾರಣ ಇದು. ಜನ ಅದನ್ನ ಡಿಸ್ಟಾರ್ಷನ್ (ಶಬ್ದ ಒಡೆದು ಕರಕರ ಆಗೋದು) ಅಂದ್ಕೊಂಡು ಪೆಡಲ್ ಖರೀದಿ ಮಾಡ್ತಾರೆ. ಗೇನ್ (ಆ ಕರಕರ ಎಷ್ಟು ಅನ್ನೋದು) ಪೂರ್ತಿ ತಿರುಗಿಸಿದ್ರೆ ಪ್ರತಿ ಮೀಟಿನ ಮೊನೆ ಮಂಕಾಗುತ್ತೆ, ಮಿಡ್ (ನಡುವಿನ ಸ್ಥಾಯಿಯ ಶಬ್ದ) ಕಡಿಮೆ ಮಾಡಿದ್ರೆ ಬಾಸ್ ಮತ್ತು ಸಿಂಬಲ್ ಮಧ್ಯೆ ಗಿಟಾರ್ ಕಾಣೆಯಾಗುತ್ತೆ. ಹತ್ತರಲ್ಲಿ ಗೇನ್ ಐದು, ಮಿಡ್ ಏಳು ಇಟ್ಟು, ಆಂಪ್‌ನ ವಾಲ್ಯೂಮ್‌ನಿಂದಲೇ ಕರಕರ ಬರಿಸಿ.

ಕಲಿಯೋ ಕ್ರಮ: ಪಿಕ್‌ನ (ತಂತಿ ಮೀಟೋ ಬಿಲ್ಲೆ) ತುದಿ ತಂತಿಗಿಂತ ಎರಡು ಮೂರು ಮಿಲಿಮೀಟರ್ ಮಾತ್ರ ಒಳಗೆ ಹೋಗಲಿ. ಮೊಣಕೈ ಬಿಗಿ ಹಿಡಿಯದೆ ಮಣಿಕಟ್ಟಿನಿಂದ ಮೀಟಿ. ಮೆಟ್ರೋನೋಮ್ 120ರಿಂದ ಶುರು. ಎರಡು ನಿಮಿಷ ಒಂದೇ ಸಮ ಬಂದ್ರೆ ಮಾತ್ರ ಐದು ಹೆಚ್ಚಿಸಿ. ಮುಂಗೈಯಲ್ಲಿ ಸುಸ್ತು ಪರವಾಗಿಲ್ಲ, ಮಣಿಕಟ್ಟಲ್ಲಿ ಚುಚ್ಚಿದ ಹಾಗಾದ್ರೆ ಅವತ್ತಿಗೆ ಗಿಟಾರ್ ಕೆಳಗಿಡಿ. ವೇಗ ಹೆಚ್ಚಾದ ಹಾಗೆ ಎಡಗೈಯೂ ತಾನಾಗಿ ಗಟ್ಟಿ ಹಿಂಡೋಕೆ ಶುರು ಮಾಡುತ್ತೆ, ಬ್ಯಾರೆ ಕಾರ್ಡ್ (ತೋರುಬೆರಳನ್ನ ತಂತಿಗಳಿಗೆ ಅಡ್ಡ ಇಟ್ಟು ಹಿಡಿಯೋದು) ಶ್ರುತಿ ಮೀರಿ ಏರುತ್ತೆ. ಇದು ಕಿವಿಗೆ ಗೊತ್ತಾಗೋದು ರೆಕಾರ್ಡ್ ಮಾಡಿ ಕೇಳಿದಾಗಲೇ.

ಈಗ ಎರಡನ್ನೂ ಪಕ್ಕ ಪಕ್ಕ ಇಡೋಣ. ನಿಮಿಷಕ್ಕೆ 100 ಬೀಟ್ ವೇಗದಲ್ಲಿ ಒಂದು ಬೀಟ್ ಅಂದ್ರೆ 600 ಮಿಲಿಸೆಕೆಂಡ್. ಶಫಲ್‌ನಲ್ಲಿ ಅದು 400 ಮತ್ತು 200 ಆಗಿ ಒಡೆಯುತ್ತೆ, ಕೈಗೆ ಬೇಕಾದಷ್ಟು ಸಮಯ. 175ಕ್ಕೆ ಹೋದ್ರೆ ಬೀಟ್ 343ಕ್ಕೆ ಇಳಿಯುತ್ತೆ, ಅದರ ಮೂರನೇ ಒಂದು ಪಾಲು ಬರೀ 114. ಅಷ್ಟರಲ್ಲಿ ಕೈ ಮೇಲೆ ಬಂದು ಮತ್ತೆ ಕೆಳಕ್ಕೆ ಮೀಟಬೇಕು. ನೇರ ಲಯದಲ್ಲಾದ್ರೆ 171 ಸಿಗುತ್ತೆ. ಎರಡೂ ದಿಕ್ಕಲ್ಲಿ ಮೀಟೋರಿಗೆ ವೇಗದ ಶಫಲ್ ಸಾಧ್ಯ, ಝೀಝೀ ಟಾಪ್‌ನ 1973ರ 'ಲಾ ಗ್ರೇಂಜ್' ಅದಕ್ಕೆ ಸಾಕ್ಷಿ. ಎಲ್ಲ ಕೆಳಕ್ಕೇ ಅಂತ ನಿರ್ಧರಿಸಿದವರ ಕೈಯಲ್ಲಿ ಶಫಲ್ ನೇರ ಆಗಲೇಬೇಕು. ಅದೇ ಕಾರಣಕ್ಕೆ ಧೈವತಕ್ಕೆ ಹೋಗಿ ಬರೋ ಬೆರಳೂ ಬಿದ್ದುಹೋಯ್ತು. 'ಬ್ಲಿಟ್ಸ್‌ಕ್ರೀಗ್ ಬಾಪ್'ನ ಮುಖ್ಯ ಕಾರ್ಡ್ ಯಾವುದು ಗೊತ್ತಾ? ಎ, ಡಿ, ಇ. ಬೂಗಿಯವರ ಅದೇ ಮೂರು.

ಲಯ ನೇರ ಆಗಿದ್ದು ಪಂಕ್‌ನಿಂದ ಅಂತಲೂ ಹೇಳೋಕಾಗಲ್ಲ. ಚಕ್ ಬೆರ್ರಿ 1958ರ 'ಜಾನಿ ಬಿ. ಗುಡ್' ಕೇಳಿ. ಗಿಟಾರ್ ಬೀಟನ್ನ ಎರಡಾಗಿ ಒಡೀತಿದೆ, ಹಿನ್ನೆಲೆಯಲ್ಲಿ ನುಡಿಸೋರು ಇನ್ನೂ ಮೂರರ ತೂಗಾಟದಲ್ಲೇ ಇದಾರೆ. ಎರಡರ ಎಳೆದಾಟದಲ್ಲೇ ಆ ಹಾಡಿನ ಬಿಸಿ ಇದೆ.

ಈ ಜಗಳದಲ್ಲಿ ಯಾರೂ ಸರಿಯಾಗಿ ನೆನೆಯದ ಹೆಸರು ಡಾಕ್ಟರ್ ಫೀಲ್‌ಗುಡ್. ಎಸೆಕ್ಸ್‌ನ ಕ್ಯಾನ್ವಿ ಐಲ್ಯಾಂಡ್‌ನವರು, ಪಬ್‌ಗಳಲ್ಲಿ ನುಡಿಸಿ ಬೆಳೆದವರು. ಅವರ ಗಿಟಾರಿಸ್ಟ್ ವಿಲ್ಕೋ ಜಾನ್ಸನ್ ಟೆಲಿಕ್ಯಾಸ್ಟರ್ ಗಿಟಾರ್ ಹಿಡಿದು ಪಿಕ್ ಇಲ್ಲದೆ ಬರಿಗೈಯಲ್ಲಿ ಹೊಡೀತಿದ್ರು, ಕಾರ್ಡ್ ಮತ್ತು ಸೋಲೋ ಎರಡನ್ನೂ ಒಂದೇ ಗಿಟಾರ್‌ನಲ್ಲಿ. ಎಡಗೈ ಸಡಿಲ ಬಿಟ್ಟು ತಂತಿ ಮೇಲೆ ಇಟ್ಟಿರ್ತಿದ್ರು, ಬಲಗೈ ನಿಲ್ಲದೆ ಓಡ್ತಿತ್ತು, ಬೇಕಾದ ಕಡೆ ಮಾತ್ರ ಎಡಗೈ ಒತ್ತುತ್ತಿತ್ತು. ಹಾಗಾಗಿ ಸ್ವರ ಇಲ್ಲದ ಮೀಟುಗಳು ಡ್ರಮ್ ಥರ ಕೇಳುತ್ತೆ. ಹಾಡುಗಳ ಮೈಕಟ್ಟು ಬ್ಲೂಸ್‌ದು, ಮೊನೆ ಪಂಕ್‌ನದು. ಅವರ ಲೈವ್ ಆಲ್ಬಂ 'ಸ್ಟುಪಿಡಿಟಿ' 1976ರಲ್ಲಿ ಬ್ರಿಟನ್‌ನಲ್ಲಿ ಮೊದಲ ಸ್ಥಾನಕ್ಕೆ ಹೋಯ್ತು. ಅದೇ ವರ್ಷ ಈ ತಂಡದ ಗಾಯಕ ಲೀ ಬ್ರಿಲೋ ಸಾಲ ಕೊಟ್ಟ 400 ಪೌಂಡ್‌ನಿಂದ ಸ್ಟಿಫ್ ರೆಕಾರ್ಡ್ಸ್ ಶುರುವಾಯ್ತು, ಆ ಸ್ಟಿಫ್‌ನಿಂದಲೇ ಅಕ್ಟೋಬರ್‌ನಲ್ಲಿ ಡ್ಯಾಮ್ಡ್ ತಂಡದ 'ನ್ಯೂ ರೋಸ್' ಬಂತು, ಬ್ರಿಟಿಷ್ ಪಂಕ್‌ನ ಮೊದಲ ಸಿಂಗಲ್. ನಿರ್ಮಾಪಕ ನಿಕ್ ಲೋ, ಅವರೂ ಪಬ್ ರಾಕ್‌ನವರೇ. ಕ್ಲಾಶ್‌ನ ಜೋ ಸ್ಟ್ರಮರ್ ಅದಕ್ಕೂ ಮುಂಚೆ ಇದ್ದದ್ದು 101ಅರ್ಸ್ ಅನ್ನೋ ಪಬ್ ತಂಡದಲ್ಲಿ. ಪಂಕ್ ಹಳೆಯದನ್ನ ಸುಟ್ಟು ಬಂತು ಅನ್ನೋ ಮಾತನ್ನ ನಾನು ಒಪ್ಪದಿರೋದು ಇದಕ್ಕೇ.

ವೇಗವೇ ಪಂಕ್ ಅನ್ನೋದೂ ನಿಲ್ಲಲ್ಲ. ಸೆಕ್ಸ್ ಪಿಸ್ಟಲ್ಸ್ ವೇಗದ ತಂಡ ಅಲ್ಲ, ರಾಮೋನ್ಸ್ ಪಕ್ಕ ಇಟ್ಟರೆ ನಿಧಾನವೇ. ಅವರ ಗಿಟಾರಿಸ್ಟ್ ಸ್ಟೀವ್ ಜೋನ್ಸ್ ಸೋಲೋಗಳಲ್ಲಿ ಎರಡೆರಡು ತಂತಿ ಒಟ್ಟಿಗೆ ಬಾಗಿಸೋ ಚಕ್ ಬೆರ್ರಿ ಪಟ್ಟುಗಳೇ ತುಂಬಿವೆ. ಇನ್ನು ಬೂಗಿ ಸತ್ತಿತು ಅನ್ನೋರಿಗೆ: 'ಗಾಡ್ ಸೇವ್ ದ ಕ್ವೀನ್' 1977ರಲ್ಲಿ ಬ್ರಿಟನ್‌ನಲ್ಲಿ ಎರಡನೇ ಸ್ಥಾನಕ್ಕೆ ಹೋದ ಅದೇ ವರ್ಷ ಸ್ಟೇಟಸ್ ಕ್ವೋ 'ರಾಕಿನ್ ಆಲ್ ಓವರ್ ದ ವರ್ಲ್ಡ್' ಮೂರಕ್ಕೆ ತಂದರು. 1985ರ ಜುಲೈ 13ರಂದು ವೆಂಬ್ಲಿಯಲ್ಲಿ ಲೈವ್ ಏಡ್ ಶುರುವಾಗಿದ್ದು ಅದೇ ಹಾಡಿನಿಂದ.

ನಿಮ್ಮ ತಂಡದಲ್ಲಿ ಇದನ್ನ ಪರೀಕ್ಷೆ ಮಾಡಬೇಕಾ? ಎ ಕಾರ್ಡ್ ಒಂದನ್ನೇ ಹಿಡೀರಿ. ಮೊದಲು 100ರಲ್ಲಿ ಶಫಲ್, ಧೈವತದ ಬೆರಳು ಸಮೇತ. ಆಮೇಲೆ 140ರಲ್ಲಿ ಅದೇ ಬೆರಳು, ಆದ್ರೆ ನೇರ ಲಯ. ಕೊನೆಗೆ 170ರಲ್ಲಿ ಬೆರಳು ತೆಗೆದು ಬರೀ ಕೆಳಮೀಟು. ಬಾಸ್‌ನವರು ಮೊದಲನೆಯದರಲ್ಲಿ ಸ್ವರದಿಂದ ಸ್ವರಕ್ಕೆ ನಡೆದು ಹೋಗಲಿ, ಕೊನೆಯದರಲ್ಲಿ ಷಡ್ಜ ಬಿಟ್ಟು ಕದಲಬಾರದು. ಮಧ್ಯದ್ದು ಕೆಟ್ಟರೆ ತಪ್ಪು ಬಹಳ ಸಲ ಡ್ರಮ್ಮರ್‌ನ ಹೈ-ಹ್ಯಾಟ್‌ನಲ್ಲಿ (ಕಾಲಿಂದ ಮುಚ್ಚಿ ತೆರೆಯೋ ಜೋಡಿ ಸಿಂಬಲ್) ಇರುತ್ತೆ: ಗಿಟಾರ್ ನೇರ ಆಗಿದೆ, ಹೈ-ಹ್ಯಾಟ್ ಇನ್ನೂ ತೂಗ್ತಿದೆ, ಹಾಡು ಹಿಂದಕ್ಕೆ ಎಳೆದ ಹಾಗೆ ಕೇಳುತ್ತೆ. ಸ್ನೇರ್, ಕಿಕ್ (ಕಾಲಲ್ಲಿ ಹೊಡೆಯೋ ದೊಡ್ಡ ಡ್ರಮ್) ಎರಡೂ ಡ್ರಮ್ ನಿಲ್ಲಿಸಿ, ಹೈ-ಹ್ಯಾಟ್ ಮತ್ತು ಗಿಟಾರ್ ಮಾತ್ರ ಎರಡು ನಿಮಿಷ ಒಟ್ಟಿಗೆ ನುಡಿಸಿ. ಎರಡರ ಸದ್ದು ಒಂದೇ ಸದ್ದಾಗಿ ಕೇಳಿದ ಮೇಲೆ ಸ್ನೇರ್ ಸೇರಿಸಿ, ಕಿಕ್ ಎಲ್ಲಕ್ಕಿಂತ ಕೊನೆಗೆ.